ಮೂವತ್ತರಿಂದ ಗುಣಿಸಿದರೆ

ಎಂಬಿಬಿಎಸ್ ಮೊದಲ ವರ್ಷದವರಿಗೆ ಕನ್ನಡ ಹೇಳಿಕೊಡುವುದು ನನ್ನ ಕೆಲಸ. ಹೊರ ರಾಜ್ಯದ ಮಕ್ಕಳಿಗೆ ‘ಎಲ್ಲಿ ನೋವು, ಯಾವಾಗಿಂದ’ ಅನ್ನುವಷ್ಟಾದರೂ ಬರಲಿ ಎಂದು ಪಠ್ಯಕ್ರಮದಲ್ಲೇ ಸ್ಥಳೀಯ ಭಾಷೆಗೆ ಒಂದಿಷ್ಟು ಗಂಟೆ ಇಟ್ಟಿದ್ದಾರೆ. ಹಳ್ಳಿಗೆ ಕಾಲೇಜು ಬಸ್ಸು ಹೊರಟಾಗ ನನ್ನನ್ನೂ ಹತ್ತಿಸಿಕೊಳ್ಳುತ್ತಾರೆ. ಹಾಗೆ ಹೋದಾಗ ಗೀಚಿಕೊಂಡವು ಇವು. ನಾನು ವೈದ್ಯನಲ್ಲ, ಹಾಗಾಗಿ ಗೊತ್ತಾಗದ್ದೇ ಜಾಸ್ತಿ.

*

ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು ಎಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಂದ ಕಟ್ಟಳೆ. ಮನೆಗೆ ಹೋಗಬೇಕು, ಬಿಪಿ ನೋಡಬೇಕು, ಲಾಗ್‌ಬುಕ್ ತುಂಬಿ ಸಹಿ ಹಾಕಿಸಬೇಕು. ದತ್ತು ತೆಗೆದುಕೊಂಡವಳಿಗೆ ಹತ್ತೊಂಬತ್ತು, ದತ್ತು ಹೋದವರಿಗೆ ಐವತ್ತೈದು. ಆಶಾ ಕಾರ್ಯಕರ್ತೆ ಮಾತ್ರ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

*

ತುಮಕೂರು ಜಿಲ್ಲೆಯ ಬರದ ಕಡೆಯ ಊರು. ಜೈಪುರದ ಹುಡುಗಿ ಜಗಲಿ ಮೇಲೆ ಕೂತು, ನಾನು ಹೇಳಿಕೊಟ್ಟಂತೆಯೇ ಕೇಳಿದಳು: “ಅಮ್ಮಾ, ತಿಂಗಳಿಗೆ ಎಷ್ಟು ಬರುತ್ತೆ?”

“ಕೂಲಿ ದಿನಕ್ಕೆ ನಾನೂರು ಕೊಡ್ತಾರೆ ಕಣವ್ವ.”

ಮೊಬೈಲು ತೆಗೆದಳು. 400 ಇಂಟು 30, ಹನ್ನೆರಡು ಸಾವಿರ. ಮನೆಯಲ್ಲಿ ನಾಲ್ಕು ಜನ, ತಲೆಗೆ ಮೂರು ಸಾವಿರ. ತಲಾ ಆದಾಯ ನೋಡಿ ಮನೆಯ ವರ್ಗ ಹೇಳುವ ಬಿ.ಜಿ. ಪ್ರಸಾದ್ ಮಾಪಕದಲ್ಲಿ ಇದು ಮೂರನೇ ವರ್ಗ, ಅಂದರೆ ಮಧ್ಯಮ ವರ್ಗ. ನಾನು ಲೆಕ್ಕವನ್ನು ಜೋರಾಗಿ ಓದಿದೆ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದ ಆಯಮ್ಮ ಸುತ್ತಿಗೆ ಕೆಳಗಿಟ್ಟರು. “ತಿಂಗ್ಳೆಲ್ಲಾ ಕೆಲ್ಸ ಎಲ್ಲೈತೆ ಮೇಷ್ಟ್ರೇ? ಕಳೆ ಕೀಳೋ ಕಾಲ್ದಾಗೆ ಹದಿನೈದು ದಿನ. ಈಗ ಹತ್ತೋ ಹನ್ನೆರಡೋ.” ಹನ್ನೆರಡು ಅಂತಲೇ ಹಿಡಿದರೂ ತಲೆಗೆ ಸಾವಿರದ ಇನ್ನೂರು. ಐದನೇ ವರ್ಗ, ಕಟ್ಟಕಡೆಯದು. ಹುಡುಗಿ ಬ್ಯಾಗಿನಲ್ಲಿ ವೈಟ್ನರ್ ಹುಡುಕಿದಳು. ಕುಟ್ಟುತ್ತಿದ್ದ ಹುಣಸೆಗೂ ಕೆಜಿ ಲೆಕ್ಕದಲ್ಲಿ ಒಂದಿಷ್ಟು ಕೂಲಿ ಇರುತ್ತದೆ. ಅದನ್ನು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

*

ಪ್ರಸಾದ್ ಮಾಪಕ 1961ರದು. ಬೆಲೆ ಸೂಚ್ಯಂಕ ಏರಿದಂತೆ ಅದರ ಗಡಿಗಳನ್ನು ವರ್ಷ ವರ್ಷ ತಿದ್ದುತ್ತಾರೆ, ಹೊಸ ಪಟ್ಟಿ ಹುಡುಗರ ವಾಟ್ಸ್ಯಾಪಿಗೆ ಬರುತ್ತದೆ. ಆ ಮೂವತ್ತನ್ನು ಮಾತ್ರ ಯಾರೂ ತಿದ್ದಿದ ಹಾಗಿಲ್ಲ.

ಪಟ್ಟಣಕ್ಕೆ ಬೇರೆ ಮಾಪಕ, ಕುಪ್ಪುಸ್ವಾಮಿಯವರದು, 1976. ಅಲ್ಲಿ ಮನೆಯ ಯಜಮಾನನ ಓದು, ಅವನ ಉದ್ಯೋಗ, ಮನೆಯ ಆದಾಯ ಎಲ್ಲಕ್ಕೂ ಅಂಕ, ಒಟ್ಟು 29. ಹಳ್ಳಿಗೆಂದೇ 1964ರಲ್ಲಿ ಉದಯ್ ಪಾರೀಕ್ ಮತ್ತು ತ್ರಿವೇದಿ ಮಾಡಿದ ಇನ್ನೊಂದಿದೆ. ಅದರಲ್ಲಿ ಭೂಮಿ, ಮನೆ, ಎತ್ತುಗಳ ಜೊತೆಗೆ ಜಾತಿಗೂ ಅಂಕ. ಪರಿಶಿಷ್ಟರಿಗೆ ಒಂದು, ಊರಾಳುವ ಜಾತಿಗೆ ಆರು. ಓದಿದಾಗ ಮೈ ಜುಮ್ಮೆಂದಿತು. ಆಮೇಲೆ ಅನ್ನಿಸಿತು, ಇದ್ದದ್ದನ್ನು ಇದ್ದ ಹಾಗೆ ಬರೆದ ಮಾಪಕ ಇದೊಂದೇ ಇರಬಹುದು. ನಮ್ಮ ಲಾಗ್‌ಬುಕ್ಕಿನಲ್ಲಿ ಜಾತಿಗೆ ‘ಕ್ಯಾಟಗರಿ’ ಎಂಬ ಒಂದು ಚೌಕ. ಟಿಕ್ ಮಾಡಿ ಮುಂದಕ್ಕೆ.

*

ತರಗತಿಯಲ್ಲಿ ಹಂದಿಗೋಡು ಕಾಯಿಲೆಯ ಎಕ್ಸ್‌ರೇ ತೋರಿಸಿದರು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಸೊಂಟ, ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದಂತಾಗುವುದು. ಅದು ಕಂಡದ್ದು ಕೂಲಿ ಮಾಡುವ ದಲಿತ ಸಮುದಾಯಗಳಲ್ಲಿ. ವಂಶವಾಹಿಯ ದೋಷ ಎಂದರು. ಹುಡುಗರು ಕೇಳಿದ ಪ್ರಶ್ನೆಗಳೆಲ್ಲ ವಂಶವಾಹಿಯ ಬಗ್ಗೆಯೇ. ನಡೆಯಲಾರದವನಿಗೆ ನಾಟಿ ಕೂಲಿ ತಪ್ಪಿದರೆ ಮನೆ ನಡೆಯುವುದು ಹೇಗೆಂದು ನಾನು ಕೇಳಬೇಕೆಂದಿದ್ದೆ. ಬೆಲ್ ಆಯಿತು.

*

ಲಾಗ್‌ಬುಕ್ಕಿನ ನೀರಿನ ಕಾಲಂ. ‘ಶುದ್ಧ ನೀರಿನ ಘಟಕ’ ಎಂದು ಬರೆದು, ಎದುರಿಗೆ ‘ಸುರಕ್ಷಿತ’ ಎಂದು ಬರೆದಾಗಿತ್ತು. ಹುಣಸೆ ಕುಟ್ಟುತ್ತಿದ್ದ ಆಯಮ್ಮನ ಮೊಮ್ಮಗನ ಹಲ್ಲಿನ ಮೇಲೆ ಕಂದು ಗೆರೆ ಕಂಡದ್ದು ಆಮೇಲೆ. ಈ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ಹುಡುಗರಿಗೆ ಬಾಯಿಪಾಠ. ಕುಡಿಯುವುದಕ್ಕೆ ಘಟಕದ ಕ್ಯಾನು, ಮುದ್ದೆಗೂ ಸಾರಿಗೂ ಬೋರಿನ ನೀರು. “ಕ್ಯಾನಿಗೆ ಐದ್ ರೂಪಾಯಿ. ಎಲ್ಲದ್ಕೂ ಅದ್ನೇ ಸುರಿಯಾಕಾಯ್ತದಾ?” ಕಾಲಮ್ಮಿನಲ್ಲಿರುವುದು ಒಂದೇ ಚೌಕ.

ಆರೋಗ್ಯ ಶಿಕ್ಷಣ ಕೊಡಬೇಕಲ್ಲ, ಹುಡುಗನೊಬ್ಬ ಕಲಿತದ್ದನ್ನು ಹೇಳಿದ: “ನೀರು ಕುದಿಸಿ ಬಳಸಿ.” ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಜೊತೆಗಿದ್ದ ಪಿಜಿ ಡಾಕ್ಟರು ಅವನ ಭುಜ ತಟ್ಟಿ ಸುಮ್ಮನಿರಿಸಿದರು. ಲಾಗ್‌ಬುಕ್ಕಿನಲ್ಲಿ ‘ಆರೋಗ್ಯ ಶಿಕ್ಷಣ ನೀಡಲಾಯಿತು’ ಎಂದಿದೆ, ಸಹಿಯೂ ಬಿದ್ದಿದೆ.

*

ಅದೇ ಆಯಮ್ಮ, ರಕ್ತ ಕಮ್ಮಿ ಇದೆ, ದೊಡ್ಡಾಸ್ಪತ್ರೆಗೆ ಬನ್ನಿ ಅಂದಾಗ: “ಚೀಟಿ ಮಾಡ್ಸೋಕೊಂದ್ ದಿನದ ಕೂಲಿ, ನಾನೂರು. ರಿಪೋಲ್ಟಿಗೆ ನಾಳೆ ಬಾ ಅಂತಾರೆ, ಅದ್ಕಿನ್ನೊಂದು ನಾನೂರು.” ಆಸ್ಪತ್ರೆ ಪುಕ್ಕಟೆ ಎಂದೇ ನಾನೂ ಅಂದುಕೊಂಡಿದ್ದೆ. ಲಾಗ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದೆ. ಮನೆಯವರ ಓದು, ಕಸುಬು, ಕಕ್ಕಸು, ಬೀಡಿ, ಉಪ್ಪು ಎಲ್ಲಕ್ಕೂ ಜಾಗವಿದೆ. ಡಾಕ್ಟರು ವಾರಕ್ಕೆಷ್ಟು ದಿನ ಸಿಗುತ್ತಾರೆ, ಮಾತ್ರೆ ದಾಸ್ತಾನಿತ್ತೇ, ಕೌಂಟರಿನಲ್ಲಿ ಹೇಗೆ ಮಾತಾಡಿಸಿದರು, ಇವಕ್ಕೆ ಒಂದು ಗೆರೆಯೂ ಇಲ್ಲ. ಅಸಮಾನತೆ ಪೂರ್ತಿ ಜಗಲಿಯ ಮೇಲೇ ಇದೆ, ಬಸ್ಸಿನಲ್ಲಿ ಬಂದವರ ಕಡೆ ಏನೂ ಇಲ್ಲ ಅನ್ನುವ ಹಾಗೆ.

*

ಟ್ಯೂಡರ್ ಹಾರ್ಟ್ ಎಂಬ ಡಾಕ್ಟರ ಹೆಸರು ನನಗೆ ಈ ಹುಡುಗರಿಂದಲೇ ಗೊತ್ತಾದದ್ದು. ವೇಲ್ಸಿನ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲ ಊರಿನಲ್ಲಿ ಕೆಲಸ ಮಾಡಿದವರು. ತಮ್ಮ ಎಲ್ಲ ರೋಗಿಗಳ ಬಿಪಿಯನ್ನೂ ಅಳೆದ ಮೊದಲಿಗರಲ್ಲಿ ಒಬ್ಬರು. ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇಲ್ಲಿಯವರೆಗೆ ಜೈಪುರದ ಹುಡುಗಿಯ ನೋಟ್ಸಿನಲ್ಲಿದೆ, ಹಳದಿ ಹೈಲೈಟರ್ ಹಚ್ಚಿ, ಪಕ್ಕದಲ್ಲಿ ‘2 ಮಾರ್ಕ್ಸ್’ ಎಂದು. ಅವರು ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ವೈದ್ಯಕೀಯ ಸೇವೆ ಮಾರುಕಟ್ಟೆಗೆ ತೆರೆದುಕೊಂಡಷ್ಟೂ ಈ ನಿಯಮ ಜೋರಾಗುತ್ತದೆ ಎಂದೂ ಬರೆದಿದ್ದರು. ನೋಟ್ಸಿನಲ್ಲಿ ಆ ಅರ್ಧ ಇಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ಕೊಂಡ ಹುಡುಗನಿಗೆ ಅದನ್ನು ಹೇಗೆ ಪಾಠ ಮಾಡುತ್ತಾರೋ ನನಗಂತೂ ತಿಳಿಯದು.

*

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗರು ತಮಾಷೆಗೆ ತಮ್ಮ ತಮ್ಮ ಮನೆಯ ಫಾರಂ ತುಂಬಿದರು. ಒಂದನೇ ವರ್ಗ, ಒಂದನೇ ವರ್ಗ ಎಂಬ ಕೂಗು. ಸರ್ಕಾರಿ ಸೀಟಿನಲ್ಲಿ ಬಂದ ಯಾದಗಿರಿ ಕಡೆಯ ಹುಡುಗ ತನ್ನದನ್ನು ತುಂಬಿದ, ಓದಲಿಲ್ಲ. ಹಿಂದಿನ ಸೀಟಿನಲ್ಲಿ ಇಂಟರ್ನ್‌ಗಳಿಬ್ಬರು ಕಡ್ಡಾಯ ಗ್ರಾಮೀಣ ಸೇವೆಗೆ ಹೋಗುವುದೋ ದಂಡ ಕಟ್ಟಿಬಿಡುವುದೋ ಎಂದು ಲೆಕ್ಕ ಹಾಕುತ್ತಿದ್ದರು.

*

ಲಾಗ್‌ಬುಕ್ಕಿನಲ್ಲಿ ಆಸ್ಪತ್ರೆಯ ಬಗ್ಗೆಯೂ ಒಂದು ಪುಟ ಯಾಕಿಲ್ಲ ಎಂದು ಸಮುದಾಯ ವೈದ್ಯಶಾಸ್ತ್ರದ ಪ್ರೊಫೆಸರರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಬೇಜಾರು ಮಾಡಿಕೊಳ್ಳಲಿಲ್ಲ. “ನೀವೇ ಒಂದು ಪುಟ ಬರ್ಕೊಡಿ ಮೇಷ್ಟ್ರೇ, ಸೇರಿಸೋಣ. ಅದಕ್ಕೆ ಎಷ್ಟು ಮಾರ್ಕ್ಸ್ ಇಡೋದು, ಸಹಿ ಯಾರು ಹಾಕೋದು ಅನ್ನೋದನ್ನೂ ನೀವೇ ಹೇಳ್ಬಿಡಿ.”