ಘಟ್ಟದ ಹೊಳೆಯಿಂದ ಉಪ್ಪು ಕಡಲಿಗೆ

ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದ ಎಡಕುಮೇರಿ ನಿಲ್ದಾಣದ ಸುತ್ತ ದಟ್ಟ ಕಾಡು, ಕಣಿವೆಯಲ್ಲಿ ಕೆಂಪುಹೊಳೆ. ಈ ನೀರು ಗುಂಡ್ಯ ಹೊಳೆ, ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಇಂಥ ಪಶ್ಚಿಮವಾಹಿನಿ ನದಿಗಳಲ್ಲಿ ವರ್ಷಗಟ್ಟಲೆ ಬೆಳೆಯುವ ಹಾವುಮೀನು ಮೊಟ್ಟೆಯಿಡಲು ಸಮುದ್ರಕ್ಕೆ ಇಳಿಯುತ್ತದೆ.

ಹೊಳೆಯಲ್ಲಿರುವಾಗ ಮೀನಿನ ಮೈಯೊಳಗೆ ನೀರು ನುಗ್ಗುತ್ತದೆ, ಲವಣ ಸೋರುತ್ತದೆ. ಕಿವಿರುಗಳು ನೀರಿನಿಂದ ಲವಣ ಹೀರಿ ಕೊರತೆ ತುಂಬುತ್ತವೆ. ಕಡಲಿನಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿನ ಉಪ್ಪು ಮೀನಿನ ರಕ್ತದ ಲವಣಕ್ಕಿಂತ ಸುಮಾರು 3 ಪಟ್ಟು ಹೆಚ್ಚು. ಮೈಯ ನೀರು ಹೊರಹೋಗುವುದರಿಂದ ಮೀನು ಕಡಲ ನೀರನ್ನೇ ಕುಡಿಯುತ್ತದೆ. ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಜೀವಕೋಶಗಳು ಹೊರದಬ್ಬುತ್ತವೆ.

ಕಿವಿರು ಬದಲಾದರೆ ಸಾಲದು, ದಾರಿಯೂ ತೆರೆದಿರಬೇಕು. ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆಯ ಕಿಂಡಿ ಅಣೆಕಟ್ಟಿನ ಬಾಗಿಲು ಮುಚ್ಚಿದಾಗ ಮೀನಿನ ಪಯಣಕ್ಕೂ ತಡೆ. ನಗರದ ಬಾಯಾರಿಕೆ, ಮೀನಿನ ಸಂತತಿ ಎರಡೂ ಒಂದೇ ನದಿಯನ್ನು ನಂಬಿವೆ.