ಕ್ಯಾಸೆಟ್ಟಿನ ಧಾಟಿ, ಅಜ್ಜನ ಧಾಟಿ

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನಾಗ ಶಿಗ್ಗಾವಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಸೈಕಲ್ ತುಳಿದರೆ ಶಿಶುನಾಳ ದೂರವೇನಲ್ಲ. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಲನಚಿತ್ರ 1990ರಲ್ಲಿ ತೆರೆಕಂಡಿತ್ತು. ಸಿ. ಅಶ್ವತ್ಥರು ಸ್ವರ ಸಂಯೋಜಿಸಿ, ಎದೆ ತುಂಬಿ ಹಾಡಿದ ಶರೀಫರ ಪದಗಳ ಕ್ಯಾಸೆಟ್ಟುಗಳು ಚಹಾದಂಗಡಿಯಿಂದ ಗಣಪತಿ ಪೆಂಡಾಲಿನವರೆಗೆ ಮೊಳಗುತ್ತಿದ್ದವು. ನಾನೂ ಒಂದನ್ನು ಕೊಂಡು ಶಾಲೆಯ ಟೇಪ್ ರೆಕಾರ್ಡರಿನಲ್ಲಿ ಮಕ್ಕಳಿಗೆ ಕೇಳಿಸಿದೆ. ವಾರದೊಳಗೆ ಅವರಿಗೆ ಎಲ್ಲವೂ ಬಾಯಿಪಾಠ.

ಶರೀಫರು (1819–1889) ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಆಮೇಲೆ ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು. ಇಬ್ಬರೂ ಊರಿನ ಮಾತಿಗೆ ಸೊಪ್ಪು ಹಾಕಲಿಲ್ಲ. ಸೋರುವ ಮಾಳಿಗೆ, ಗುಡುಗುಡಿ, ಕೋಳಿ ಹೀಗೆ ಕಣ್ಣಿಗೆ ಬಿದ್ದುದೆಲ್ಲ ಅವರಿಗೆ ತತ್ತ್ವವಾಯಿತು. ಆ ಪದಗಳನ್ನು ಬಹುಕಾಲ ಕಾಪಾಡಿದವರು ಭಜನಾ ಮೇಳದವರು. ಏಕತಾರಿ, ತಾಳ, ದಮ್ಮಡಿ ಇಷ್ಟೇ ಅವರ ಸಲಕರಣೆ.

ಅಂಥ ಮೇಳದ ಅಜ್ಜನೊಬ್ಬನನ್ನು ಒಂದು ಶುಕ್ರವಾರ ಶಾರದಾ ಪೂಜೆಗೆ ಶಾಲೆಗೆ ಕರೆಸಿದ್ದೆ. ಆತ ಕಣ್ಣು ಮುಚ್ಚಿ, ಏಕತಾರಿ ಮೀಟುತ್ತ, ಮಾಳಿಗೆಯ ಪದವನ್ನು ನಿಧಾನವಾಗಿ, ಅಳುವಿಗೆ ಹತ್ತಿರದ ಧಾಟಿಯಲ್ಲಿ ಎತ್ತಿದ. ಎರಡು ನುಡಿ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ: “ಅಜ್ಜಾ, ಅದು ಹಂಗಲ್ಲ! ಕ್ಯಾಸೆಟ್ಟಿನ್ಯಾಗ ಬ್ಯಾರೆ ಐತಿ!”

ಮಕ್ಕಳೆಲ್ಲ ನಕ್ಕರು. ಅಜ್ಜ ನನ್ನ ಮುಖ ನೋಡಿದ. ನಾನು ಹುಡುಗನನ್ನು ಗದರಿಸಬಹುದಿತ್ತು. ಬದಲಿಗೆ, “ಹುಡುಗ ಹೇಳೂದೂ ಖರೆ ಐತಿ ಅಜ್ಜಾ, ಕ್ಯಾಸೆಟ್ಟಿನ ಧಾಟಿ ಬ್ಯಾರೆನ ಐತಿ” ಎಂದುಬಿಟ್ಟೆ.

“ಇರಬೋದ್ರಿ ಮಾಸ್ತರ” ಎಂದು ಆತ ಏಕತಾರಿಯನ್ನು ಚೀಲಕ್ಕೆ ಸೇರಿಸಿದ. “ನಮ್ಮಜ್ಜ ಶರೀಫ ಸಾಹೇಬರ ಮುಂದ ಕುಂತು ಕೇಳಿದ್ದನಂತ. ನಮಗ ಬಂದದ್ದು ಇಷ್ಟರಿ.” ಪ್ರಸಾದ ತೆಗೆದುಕೊಂಡು ಹೊರಟುಹೋದ.

ಅಪರಾಧ ಅಶ್ವತ್ಥರದಲ್ಲ. ಅವರು ಹಾಡದಿದ್ದರೆ ಮೈಸೂರು, ಮಂಗಳೂರಿನ ಎಷ್ಟೋ ಮನೆಗಳಿಗೆ ಶರೀಫರು ಬರುತ್ತಲೇ ಇರಲಿಲ್ಲ. ಅವರು 2009ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನಾನೂ ಮನೆಯವರೊಬ್ಬರನ್ನು ಕಳೆದುಕೊಂಡಂತೆ ಮರುಗಿದೆ. ಈಗಿನ ಹುಡುಗರು ಶರೀಫರನ್ನು ರಘು ದೀಕ್ಷಿತರ ಗಿಟಾರಿನೊಂದಿಗೆ ಕೇಳುತ್ತಾರೆ. ಅದೂ ಒಂದು ಧಾಟಿಯೇ. ಹಾಡುವವನು ತನ್ನ ಕಾಣಿಕೆಯನ್ನು ಸಲ್ಲಿಸುತ್ತಾನೆ. ಅದೊಂದೇ ಸರಿ, ಉಳಿದದ್ದು ತಪ್ಪು ಎಂದು ತೀರ್ಪು ಕೊಡುವವರು ಕೇಳುವ ನಾವು. ಅಂದು ಆ ತೀರ್ಪು ಕೊಟ್ಟವನು ಕನ್ನಡ ಮಾಸ್ತರನಾದ ನಾನು.

ಮುಂದೆ ನನಗೆ ವರ್ಗವಾಯಿತು. ಅಜ್ಜನನ್ನು ಮತ್ತೆ ಕಾಣಲಿಲ್ಲ. ಶಾಲೆಯ ಆ ಟೇಪ್ ರೆಕಾರ್ಡರಿನಲ್ಲಿ ಧ್ವನಿಮುದ್ರಣಕ್ಕೊಂದು ಕೆಂಪು ಗುಂಡಿಯಿತ್ತು; ಕಪಾಟಿನಲ್ಲಿ ಖಾಲಿ ಕ್ಯಾಸೆಟ್ಟೂ ಇತ್ತು. ಆ ಶುಕ್ರವಾರ ಅದನ್ನೊಮ್ಮೆ ಒತ್ತಬೇಕೆಂದು ನನಗೆ ಹೊಳೆಯಲೇ ಇಲ್ಲ.