ಔಟ್ ಆದವರ ಸರದಿ

"ನಮ್ಮ ಕಾಲೇಜಿಗೆ ಕಬಡ್ಡಿ ಟೀಮ್ ಬೇರೆ ಐತೇನ್ರೋ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ಐತ್ರಿ. ಹನ್ನೆರಡು ಜನ ಇದ್ದೀವಿ. ಲ್ಯಾಬ್ ಮುಗಿಸಿ ನೀವೆಲ್ಲ ಬಸ್ ಹಿಡಿಯಲು ಓಡುವಾಗ ಮೈದಾನದ ಮೂಲೆಯಲ್ಲಿ ಬಕೆಟ್ ಹಿಡಿದು ಮಣ್ಣಿಗೆ ನೀರು ಚಿಮುಕಿಸುತ್ತಾ ಕೆಲವರು ಕಾಣ್ತಾರಲ್ಲ, ಅವರು ಗಾರ್ಡನ್ ಕೆಲಸದವರಲ್ಲ, ನಾವೇ.

ನಮ್ಮಲ್ಲಿ ನಾಲ್ವರು ಹಾವೇರಿ ಸುತ್ತಿನವರು, ಐವರು ರಾಣೇಬೆನ್ನೂರಿನ ಕಡೆಯವರು, ಮೂವರು ಬ್ಯಾಡಗಿಯವರು. ಮೂರೂ ಊರು ಒಂದೇ ರೈಲು ಹಳಿಯ ಮೇಲೆ ಸಾಲಾಗಿ ಕೂತಿವೆ. ಹೈವೇ ಮಾತ್ರ ಬ್ಯಾಡಗಿಯನ್ನು ಒಂಚೂರು ಪಕ್ಕಕ್ಕೆ ಬಿಟ್ಟು ಮೋಟೆಬೆನ್ನೂರಿನ ಮೇಲೆ ಹೋಗ್ತದೆ. ಹಾಗಾಗಿ ಬ್ಯಾಡಗಿಯ ಮೂವರಿಗೆ ಯಾವಾಗಲೂ ಎರಡು ಬಸ್ಸಿನ ಚಿಂತೆ. ಪ್ರಾಕ್ಟೀಸ್ ಯಾವಾಗ ಮುಗಿಯಬೇಕು ಅಂತ ತೀರ್ಮಾನ ಮಾಡೋದು ಕೋಚ್ ಅಲ್ಲ, ಬ್ಯಾಡಗಿಯ ಬಸ್ಸು.

ನಮ್ಮ ಅಂಕಣದ ಕಥೆಯನ್ನೂ ಹೇಳಿಬಿಡ್ತೀವಿ. ಮೈದಾನದ ಆ ಮೂಲೆ ಪೂರ್ತಿ ಎರೆಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡ್ತದೆ, ಮಳೆಗಾಲದಲ್ಲಿ ಕಾಲು ಬಿಡಲ್ಲ. ಮಧ್ಯದಲ್ಲಿ ಸಿಗುವ ಕೆಲವೇ ತಿಂಗಳಲ್ಲಿ ಕಬಡ್ಡಿ ಆಡೋಕಾಗಲ್ಲ ಅಂತ ಕಳೆದ ವರ್ಷ ಎಲ್ಲರೂ ದುಡ್ಡು ಹಾಕಿ ಎರಡು ಟ್ರೇಲರ್ ಕೆಂಪು ಮಣ್ಣು ತರಿಸಿದೆವು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 130 ಚದರ ಮೀಟರ್. ಎರಡು ಟ್ರೇಲರ್ ಮಣ್ಣನ್ನು ಅಷ್ಟಕ್ಕೆ ಹರಡಿದರೆ ನಾಲ್ಕೂವರೆ ಸೆಂಟಿಮೀಟರ್ ದಪ್ಪ ಬರ್ತದೆ ಅಂತ ಟೀಮಿನ ಸಿವಿಲ್ ಹುಡುಗರು ಮೊದಲೇ ಲೆಕ್ಕ ಹಾಕಿದ್ದರು. ಹರಡಿದ ಮೇಲೆ ಸ್ಕೇಲ್ ಇಟ್ಟು ಅಳೆದೂ ನೋಡಿದರು. ಅವರ ಸರ್ವೇಯಿಂಗ್ ಪ್ರಾಕ್ಟಿಕಲ್ ಸಾರ್ಥಕವಾದ ಮೊದಲ ದಿನ ಅದು.

ಹಾಸ್ಟೆಲಿನಲ್ಲಿ ಒಂದು ರಾತ್ರಿ ಯಾರೋ ಅಮೆರಿಕದ ಯೂನಿವರ್ಸಿಟಿ ಐಸ್ ಹಾಕಿಯ ವಿಡಿಯೋ ಹಾಕಿದರು. ನೋಡ್ತಾ ನೋಡ್ತಾ ಎಲ್ಲರೂ ಸುತ್ತ ಕೂತೆವು. ಅಲ್ಲಿ ಮೊದಲ ದರ್ಜೆಯಲ್ಲಿ ಗಂಡಸರ ಟೀಮ್ ಇಟ್ಟಿರುವ ಕಾಲೇಜುಗಳೇ ಅರವತ್ತಕ್ಕೂ ಹೆಚ್ಚು. ಬೋಸ್ಟನ್ ಸುತ್ತಮುತ್ತಲಿನ ನಾಲ್ಕು ಯೂನಿವರ್ಸಿಟಿಗಳು 1952ರಿಂದ ತಮ್ಮತಮ್ಮಲ್ಲೇ ಬೀನ್‌ಪಾಟ್ ಅನ್ನೋ ಟೂರ್ನಿ ಆಡ್ತಾ ಬಂದಿವೆ. ಅವರ ಐಸ್ ರಿಂಕ್ ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲ. ಅದರೊಳಗೆ ನಮ್ಮ ಅಂಕಣ ಹನ್ನೆರಡು ಕೂರ್ತಾವೆ. ಆಡೋ ಹುಡುಗರಿಗೆ ಸ್ಕಾಲರ್‌ಶಿಪ್, ಜಿಮ್, ಡಾಕ್ಟರು. 1980ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹೆಚ್ಚುಕಮ್ಮಿ ಇಂಥ ಕಾಲೇಜು ಹುಡುಗರೇ ತುಂಬಿದ್ದ ಅಮೆರಿಕದ ತಂಡ ಬಲಾಢ್ಯ ಸೋವಿಯತ್ ತಂಡವನ್ನು 4-3ರಿಂದ ಸೋಲಿಸಿತ್ತು. ಅವರ ಕೋಚ್ ಹರ್ಬ್ ಬ್ರೂಕ್ಸ್ ಕೂಡ ಮಿನ್ನೆಸೋಟ ಯೂನಿವರ್ಸಿಟಿ ತಂಡಕ್ಕೆ ಕಲಿಸಿದವರೇ.

ಹೊಟ್ಟೆಕಿಚ್ಚು ಆಯ್ತಾ? ಸ್ವಲ್ಪ ಆಯ್ತು. ಆದರೆ ನಮ್ಮ ದೇಶದ ಐಸ್ ಹಾಕಿ ಹುಡುಕಿ ನೋಡಿದ ಮೇಲೆ ಸುಮ್ಮನಾದೆವು. ಲಡಾಖ್‌ನಲ್ಲಿ ಚಳಿಗಾಲಕ್ಕೆ ತಾನಾಗಿ ಗಟ್ಟಿಯಾಗುವ ನೀರಿನ ಮೇಲೆ ಆಡಿ ಕಲಿತವರೇ ಹೆಚ್ಚಿರುವ ಭಾರತದ ಮಹಿಳಾ ತಂಡ 2025ರಲ್ಲಿ ಅಲ್ ಐನ್‌ನ ಏಷ್ಯಾ ಕಪ್‌ನಲ್ಲಿ ಕಂಚು ತಂದಿದೆ. ಅವರು ಐಸ್ ಗಟ್ಟಿಯಾಗಲಿ ಅಂತ ಕಾಯ್ತಾರೆ, ನಾವು ನೆಲ ಒಣಗಲಿ ಅಂತ ಕಾಯ್ತೀವಿ.

ಆ ವಿಡಿಯೋದಲ್ಲಿ ನಮ್ಮನ್ನು ಹಿಡಿದಿಟ್ಟಿದ್ದು ಬೇರೆ ಒಂದು ವಿಷಯ. ಐಸ್ ಹಾಕಿಯಲ್ಲಿ ಸಣ್ಣ ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಗೂಡಿನಂಥ ಜಾಗದಲ್ಲಿ ಕೂರಿಸ್ತಾರೆ. ಎರಡು ನಿಮಿಷ ಮುಗಿದರೆ ಬರಬಹುದು. ಅದಕ್ಕೂ ಮುಂಚೆ ಬರಬೇಕಾದರೆ ಎದುರಾಳಿ ಗೋಲ್ ಹೊಡೀಬೇಕು. ಕಬಡ್ಡಿಯಲ್ಲಿ ಇದು ತಿರುವುಮುರುವು. ನೀನು ಔಟಾಗಿ ಹೊರಗೆ ಕೂತರೆ ಅಲ್ಲಿ ಗಡಿಯಾರ ನಿನ್ನನ್ನು ಬಿಡಿಸಲ್ಲ. ನಿನ್ನ ಟೀಮಿನವ ಒಬ್ಬ ಎದುರಿನವರನ್ನು ಮುಟ್ಟಿ ಬರಬೇಕು, ಇಲ್ಲವೇ ಉಳಿದವರು ಬಂದ ರೈಡರ್‌ನನ್ನು ಹಿಡಿದು ಹಾಕಬೇಕು. ಆಗ ಮಾತ್ರ ಒಳಗೆ ಬರ್ತೀಯ. ಅದೂ ಔಟಾದ ಸರದಿಯಲ್ಲೇ, ಮೊದಲು ಹೋದವ ಮೊದಲು. ಸ್ಟಾರ್ ಆಟಗಾರ ಅಂತ ಯಾರಿಗೂ ಸರದಿ ತಪ್ಪಿಸಿ ಕರೆಯೋ ಹಾಗಿಲ್ಲ.

ಇನ್ನೊಂದು ನಿಯಮ ಇದೆ, ಟಿವಿಯಲ್ಲಿ ನೋಡುವವರು ಅಷ್ಟಾಗಿ ಗಮನಿಸಿರಲ್ಲ. ಎದುರು ಆರೋ ಏಳೋ ಜನ ಇದ್ದಾಗ ರೈಡರ್ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಒಂದು ಅಂಕ ಸಿಗ್ತದೆ. ಆ ಅಂಕ ಬೋರ್ಡಿಗೆ ಸೇರ್ತದೆ, ಆದರೆ ಹೊರಗೆ ಕೂತವರಲ್ಲಿ ಒಬ್ಬರೂ ಒಳಗೆ ಬರಲ್ಲ. ಮುಟ್ಟಿದರೆ ಮಾತ್ರ ಒಬ್ಬ ಬರ್ತಾನೆ. ಅಂಕ ಎರಡಕ್ಕೂ ಒಂದೇ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳ್ತಿದ್ದೀವಿ ಅಂದರೆ, ಈ ವರ್ಷ ನಮ್ಮ ಲೆಫ್ಟ್ ಕಾರ್ನರ್ ಔಟಾಗಿದ್ದ. ಅಂಕಣದಲ್ಲಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ.

ಅವನು ಬ್ಯಾಡಗಿಯವ. ಅಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಬಂತು, ಆ ಬಣ್ಣ ದೇಶ ದಾಟಿ ಹೋಗ್ತದೆ ಅಂತೆಲ್ಲ ನಾವು ಜಿಕೆ ಪುಸ್ತಕದಲ್ಲಿ ಓದ್ತೀವಿ. ಅವನಿಗೆ ಅದು ಸೋಮವಾರ ಮತ್ತು ಗುರುವಾರ ಅಪ್ಪನ ಬೆನ್ನ ಮೇಲೆ ಹೋಗೋ ಚೀಲ. ಸೀಸನ್‌ನಲ್ಲಿ ಅವನೂ ಬೆಳಗ್ಗೆ ಕೈ ಹಚ್ಚಿ, ಸೀನುತ್ತಲೇ ಮೊದಲ ಪೀರಿಯಡ್ಡಿಗೆ ಓಡಿ ಬರ್ತಾನೆ. ಮೂರನೇ ಸೆಮ್‌ನಲ್ಲಿ ಎರಡು ಬ್ಯಾಕ್ ಉಳಿದವು. ಮ್ಯಾಥ್ಸ್ ಒಂದು, ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಇನ್ನೊಂದು.

ಒಂದು ಸಂಜೆ ಶೂ ಚೀಲ ಇಲ್ಲದೇ ಬಂದ. "ಅಣ್ಣಾ, ನಾ ಈ ಸಲ ಬರಾಂಗಿಲ್ಲ. ಎರಡು ಬ್ಯಾಕ್ ಅದಾವ. ಅಪ್ಪಗ ಗೊತ್ತಾಗೇತಿ" ಅಂದ.

"ಏನಂದ್ರು?" ಕ್ಯಾಪ್ಟನ್ ಕೇಳಿದ.

"ಬೈಯಲಿಲ್ಲ. ಆಟ ಆಡಿದ್ರ ಹೊಟ್ಟಿ ತುಂಬತೈತೇನಪಾ ಅಂತ ಕೇಳಿದ್ರು ಅಷ್ಟ."

ನಾವು ಯಾರೂ ಮಾತಾಡಲಿಲ್ಲ. ಪ್ರಶ್ನೆ ಅವನ ಅಪ್ಪನದಷ್ಟೇ ಅಲ್ಲ, ಹನ್ನೆರಡು ಮನೆಯದೂ ಹೌದು. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಊರಲ್ಲಿ ಜನ "ಏನಪಾ, ಬುಲ್ಸ್‌ಗೆ ಆಡ್ತಿಯೇನು?" ಅಂತ ಕೇಳೋದು ರೂಢಿ. ಬೆಂಗಳೂರು ಬುಲ್ಸ್ ಆರನೇ ಸೀಸನ್ ಗೆದ್ದಾಗ ನಾವು ಶಾಲೆ ಹುಡುಗರು, ಕುಣಿದಿದ್ದೀವಿ. ನಮ್ಮ ರಾಜ್ಯದ ಬಿ.ಸಿ. ರಮೇಶ್ ಅವರ ಕೋಚಿಂಗ್‌ನಲ್ಲಿ ಪುಣೇರಿ ಪಲ್ಟನ್ 2024ರಲ್ಲಿ ಕಪ್ ಎತ್ತಿದಾಗಲೂ ಹೆಮ್ಮೆಪಟ್ಟಿದ್ದೀವಿ. ಆದರೆ ನಮ್ಮ ಆಟದ ಮಟ್ಟ ನಮಗೆ ಗೊತ್ತು. ಇಲ್ಲಿಂದ ಯಾರೂ ಅಲ್ಲಿಗೆ ಹೋಗಲ್ಲ. ಕಂಪನಿಯವರು ಇಂಟರ್‌ವ್ಯೂನಲ್ಲಿ ಆಂಕಲ್ ಹೋಲ್ಡ್ ಕೇಳಲ್ಲ.

ನಿಯಮಗಳ ಪ್ರಕಾರ ನೋಡಿದರೂ ಲೆಕ್ಕ ಅಷ್ಟಕ್ಕಷ್ಟೇ. ವಿಟಿಯುನಲ್ಲಿ ಹಾಜರಾತಿ 85 ಪರ್ಸೆಂಟ್ ಬೇಕು. ತಕ್ಕ ಕಾರಣ ಇದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಹೆಚ್ಚೆಂದರೆ 10 ಪರ್ಸೆಂಟ್ ಕೊರತೆ ಮನ್ನಾ ಆಗಬಹುದು. ಪಂದ್ಯದ ದಿನಕ್ಕೆ ಪಿಡಿ ಸರ್ ಪತ್ರ ಕೊಡ್ತಾರೆ, ಪ್ರಾಕ್ಟೀಸಿನ ಸುಸ್ತಿಗೆ ಯಾರೂ ಪತ್ರ ಕೊಡಲ್ಲ. 2022ರ ಸ್ಕೀಮಿನಲ್ಲಿ ಮೂರನೇ ಸೆಮ್‌ನಿಂದ ಆರನೇ ಸೆಮ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ತಗೊಳ್ಳಲೇಬೇಕು, ಪಾಸಾಗಲೇಬೇಕು. ಕ್ರೆಡಿಟ್ ಎಷ್ಟು ಅಂತ ನಿಮಗೂ ಗೊತ್ತು: ಸೊನ್ನೆ.

ಹಾಗಾಗಿ "ಬಾರಲೇ, ಏನಾಗಲ್ಲ" ಅಂತ ಅವನಿಗೆ ಹೇಳುವ ಧೈರ್ಯ ನಮಗಿರಲಿಲ್ಲ. ಆಗೋದು ಅವನಿಗೆ, ನಮಗಲ್ಲ. ಕೊನೆಗೆ ಹಾವೇರಿಯ ರೈಡರ್ ಒಬ್ಬ ಬಾಯಿ ಬಿಟ್ಟ. ಡಿಫೆನ್ಸ್‌ಗೆ ನಿಲ್ಲಿಸಿದರೆ ಪೆಟ್ಟು ತಿನ್ನೋ ಹುಡುಗ, ಮ್ಯಾಥ್ಸ್‌ನಲ್ಲಿ ಮಾತ್ರ ಹುಲಿ. "ನೀ ಆಟ ಬಿಡು, ಬ್ಯಾಡ ಅನ್ನಂಗಿಲ್ಲ. ಆದ್ರ ಸಂಜಿ ಬರೂದು ಬಿಡಬ್ಯಾಡ. ಅರ್ಧ ತಾಸು ಫೂರಿಯರ್ ಸೀರೀಸ್ ಮಾಡೂಣು."

ಅಲ್ಲಿಂದ ನಮ್ಮ ಪ್ರಾಕ್ಟೀಸಿನ ರೀತಿಯೇ ಬದಲಾಯ್ತು. ಮೊದಲ ಅರ್ಧ ತಾಸು ಪಾಠ. ಬೋರ್ಡ್ ಎಲ್ಲಿಂದ ತರೋದು? ನೀರು ಚಿಮುಕಿಸಿದ ಕೆಂಪು ಮಣ್ಣೇ ಬೋರ್ಡ್. ಸಿವಿಲ್‌ನವರು ಕಡ್ಡಿಯಲ್ಲಿ ಬೀಮ್ ಗೀಚಿ, ಅದರ ಕೆಳಗೆ ಶಿಯರ್ ಫೋರ್ಸ್, ಇನ್ನೂ ಕೆಳಗೆ ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ ಹಾಕೋರು. ತಪ್ಪಾದರೆ ಕಾಲಲ್ಲಿ ಒರೆಸೋದು. ಪಾಠ ಮುಗಿದ ಮೇಲೆ ಅದೇ ಡಯಾಗ್ರಾಂ ಮೇಲೆ ರೈಡ್. ಲೆಫ್ಟ್ ಕಾರ್ನರ್ ಮೊದಲ ವಾರ ಪಾಠ ಮುಗಿಸಿ ಬಸ್ಸಿಗೆ ಹೋಗ್ತಿದ್ದ. ಎರಡನೇ ವಾರ "ಹತ್ತು ನಿಮಿಷ ನೋಡ್ತೇನಿ" ಅಂತ ನಿಂತ. ಮೂರನೇ ವಾರ ಚೀಲದಲ್ಲಿ ಶೂ ಇತ್ತು. ನಾವು ಕಂಡೂ ಕಾಣದವರ ಹಾಗಿದ್ದೆವು.

ಮ್ಯಾಥ್ಸ್ ಪಾಸಾದ. ಮೆಕ್ಯಾನಿಕ್ಸ್ ಉಳಿಯಿತು. ಅಪ್ಪನಿಗೆ ಎರಡನ್ನೂ ಅವನೇ ಹೇಳಿದ. ವಲಯ ಪಂದ್ಯಕ್ಕೆ ಹೋಗಲು ಅವರು ಬೇಡ ಅನ್ನಲಿಲ್ಲ. ಆದರೆ ಹೊಟ್ಟೆಯ ಪ್ರಶ್ನೆಯನ್ನು ವಾಪಸ್ ತಗೊಳ್ಳಲೂ ಇಲ್ಲ. ಅದು ಸರಿಯೇ.

ವಲಯದಲ್ಲಿ ಮೊದಲ ಪಂದ್ಯ ಗೆದ್ದೆವು. ಎರಡನೆಯದು ಮ್ಯಾಟ್ ಮೇಲೇ ದಿನಾ ಆಡುವ ಟೀಮಿನ ವಿರುದ್ಧ. ಮಣ್ಣಿನಲ್ಲಿ ಬರಿಗಾಲು ಜಾರಿ ತಪ್ಪಿಸಿಕೊಳ್ತದೆ, ಮ್ಯಾಟ್ ಮೇಲೆ ಶೂ ಕಚ್ಚಿ ಹಿಡೀತದೆ. ಈ ಘರ್ಷಣೆಯ ವ್ಯತ್ಯಾಸ ನಮ್ಮ ಮೊಣಕಾಲಿಗೆ ಅರ್ಥ ಆಗೋದರೊಳಗೆ ಮೊದಲ ಇಪ್ಪತ್ತು ನಿಮಿಷ ಮುಗಿದಿತ್ತು. ಕೊನೆಯ ಎರಡು ನಿಮಿಷ ಇದ್ದಾಗ ನಾವು 26, ಅವರು 30. ನಮ್ಮಲ್ಲಿ ಉಳಿದವರು ಇಬ್ಬರೇ. ಐವರು ಹೊರಗೆ ಕೂತಿದ್ದರು, ಸರದಿಯಲ್ಲಿ ಮೊದಲು ಇದ್ದವ ಲೆಫ್ಟ್ ಕಾರ್ನರ್.

ರೈಡಿಗೆ ಹೋದದ್ದು ಅದೇ ಮ್ಯಾಥ್ಸ್ ಹುಡುಗ. ಎದುರು ಏಳೂ ಜನ, ಬೋನಸ್ ಗೆರೆ ಖಾಲಿ. ಕಾಲಿಟ್ಟು ಬಂದಿದ್ದರೆ ಅವನ ಹೆಸರಿಗೆ ಒಂದು ಅಂಕ, ಅಪಾಯವೂ ಕಡಿಮೆ. ಅವನು ಗೆರೆಯ ಕಡೆ ಹೋಗಲಿಲ್ಲ. ಮೂವತ್ತು ಸೆಕೆಂಡು ಮುಗಿಯೋ ಹೊತ್ತಿಗೆ ಅವರ ಕವರ್‌ನ ಮೊಣಕೈ ಮುಟ್ಟಿ ನಡುಗೆರೆಗೆ ಬಿದ್ದ. ಲೆಫ್ಟ್ ಕಾರ್ನರ್ ಒಳಗೆ ಬಂದ. ಮರು ರೈಡಿನಲ್ಲೇ ಅವರ ರೈಡರ್‌ನ ಕಾಲಿನ ಗಿಣ್ಣನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿಬಿಟ್ಟ. ಉಳಿದಿಬ್ಬರು ಮೇಲೆ ಬಿದ್ದರು. ಮೂವರೇ ಇದ್ದು ಹಿಡಿದಿದ್ದಕ್ಕೆ ಸೂಪರ್ ಟ್ಯಾಕಲ್, ಎರಡು ಅಂಕ. 29-30.

ಇಲ್ಲಿಂದ ಮುಂದೆ ಗೆದ್ದೆವು ಅಂತ ಬರೆಯೋಕೆ ನಮಗೂ ಆಸೆ. ಕೊನೆಯ ರೈಡಿನಲ್ಲಿ ಸಿಕ್ಕಿಬಿದ್ದೆವು. 29-31.

ವಾಪಸ್ ಬರುವಾಗ ದಾರಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದೆವು. ಬೋನಸ್ ಯಾಕೆ ಬಿಟ್ಟೆ ಅಂತ ಯಾರೂ ಆ ರೈಡರ್‌ನನ್ನು ಕೇಳಲಿಲ್ಲ. ಕೇಳಿದ್ದರೆ "ಬೋನಸ್‌ಗೆ ಯಾರೂ ಒಳಗ ಬರಾಂಗಿಲ್ಲಲೇ" ಅಂತಿದ್ದ, ಅಷ್ಟೇ.

ನಾಲ್ಕು ವರ್ಷದಲ್ಲಿ ನಾವು ಪ್ರತಿಯೊಬ್ಬರೂ ಸಾಕಷ್ಟು ಬೋನಸ್ ಅಂಕ ಗಳಿಸ್ತೀವಿ. ಸರ್ಟಿಫಿಕೇಟು, ಕೋರ್ಸು, ಇಂಟರ್ನ್‌ಶಿಪ್ಪು. ಬೇಕು, ಬೇಡ ಅನ್ನಲ್ಲ. ಆದರೆ ಪಕ್ಕದ ಬೆಂಚಿನಲ್ಲಿ ಎರಡು ಬ್ಯಾಕ್ ಇಟ್ಕೊಂಡು ಸುಮ್ಮನೆ ಕೂತವ ಆ ಅಂಕದಿಂದ ಒಳಗೆ ಬರಲ್ಲ. ಅವನಿಗಾಗಿ ಯಾರೋ ಹೋಗಿ ಮುಟ್ಟಿ ಬರಬೇಕು. ಹೊಟ್ಟೆ ತುಂಬ್ತದಾ ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇಲ್ಲ. ಆದರೆ ಈ ಆಟ ಇಲ್ಲದಿದ್ದರೆ, ಒಬ್ಬರ ಬ್ಯಾಕ್ ಹನ್ನೆರಡು ಜನರ ಕೆಲಸ ಅಂತ ನಮಗೆ ಹೊಳೀತಿರಲಿಲ್ಲ.

ಈಗ ನಿಮ್ಮ ಹತ್ತಿರ ಬಂದ ಕಾರಣ. ಐವರು ಫೈನಲ್ ಇಯರ್‌ನವರು ಈ ವರ್ಷ ಹೋಗ್ತಾರೆ. ಉಳಿಯೋದು ಏಳು. ಕಬಡ್ಡಿಗೆ ಏಳು ಸಾಕು, ಆದರೆ ಯಾರಿಗೂ ಜ್ವರ ಬರಬಾರದು, ಯಾರ ಮನೆಯಲ್ಲೂ ಮದುವೆ ಆಗಬಾರದು. ಅದು ಹಾವೇರಿ ಜಿಲ್ಲೆಯಲ್ಲಿ ಸಾಧ್ಯವಿಲ್ಲದ ಮಾತು.

ಜೂನಿಯರ್‌ಗಳೇ, ಆಡಿ ಗೊತ್ತಿರಬೇಕು ಅಂತೇನಿಲ್ಲ. ದೀಪಾವಳಿ ಆದ ಮೇಲೆ ಊರಲ್ಲಿ ಕೊಬ್ಬರಿ ಹೋರಿಗೆ ದಾರಿ ಬಿಟ್ಟು ಪಕ್ಕಕ್ಕೆ ಹಾರಿದ್ದರೆ ಅರ್ಧ ರೈಡಿಂಗ್ ಬಂದ ಹಾಗೇ. ಮೆಕ್ಯಾನಿಕ್ಸ್ ಚೆನ್ನಾಗಿ ಬರುವವರಿದ್ದರೆ ಆಡದಿದ್ದರೂ ಬನ್ನಿ, ಲೆಫ್ಟ್ ಕಾರ್ನರ್ ಪರೀಕ್ಷೆ ಇನ್ನೂ ಬಾಕಿ ಇದೆ. ಸೋಮವಾರದಿಂದ ಶುಕ್ರವಾರ, ಲ್ಯಾಬ್ ಬಿಟ್ಟ ಮೇಲೆ. ಫೀಸಿಲ್ಲ, ಫಾರಂ ಇಲ್ಲ. ಒಂದೇ ಷರತ್ತು, ಅದೂ ರೂಲ್ ಬುಕ್ಕಿನದೇ: ಉಗುರು ಕತ್ತರಿಸಿಕೊಂಡು ಬನ್ನಿ.